ಹುತುತುವಿನ ಅಂಗಳ

ನವಲಗುಂದದ ಸೀಮೆಯಲ್ಲಿ ನಾವು ಹುತುತು ಎಂದು ಕರೆಯುತ್ತಿದ್ದ, ಈಗ ನಾಡಿಗೆಲ್ಲ ಕಬಡ್ಡಿಯೆಂದು ಪರಿಚಿತವಾಗಿರುವ ಆಟದ ಸಮಸ್ತ ಶಾಸ್ತ್ರವೂ ಸ್ಪರ್ಶವೆಂಬ ಒಂದೇ ಕ್ರಿಯೆಯ ಮೇಲೆ ನಿಂತಿದೆ. ಉಸಿರು ಕಟ್ಟಿ ಎದುರಾಳಿಗಳ ಅಂಕಣವನ್ನು ಹೊಕ್ಕವನು ಅಲ್ಲಿಯವರನ್ನು ಮುಟ್ಟಿ ಬರಬೇಕು. ಅಲ್ಲಿಯವರು ಅವನ ಕಾಲನ್ನೋ ಸೊಂಟವನ್ನೋ ಬಿಗಿಯಾಗಿ ಅವುಚಿ, ಅವನ ದಮ್ಮು ಮುರಿಯುವ ತನಕ ಬಿಡದೆ ಹಿಡಿದಿಡಬೇಕು. ಹಾಗೆ ಹಿಡಿಯುವುದಕ್ಕಾಗಿ ತಮ್ಮತಮ್ಮೊಳಗೆ ಕೈಗೆ ಕೈ ಕೋದು ಸರಪಳಿಯಾಗಿ ನಿಲ್ಲಬೇಕು. ಇಂಥ ಆಟವು, ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳಬಾರದೆಂಬ ಕಟ್ಟಳೆಯಿದ್ದ ಊರುಗಳಲ್ಲಿ ತಲೆತಲಾಂತರದಿಂದ ನಿರಾತಂಕವಾಗಿ ನಡೆದು ಬಂದದ್ದು ಹೇಗೆಂದು ಕೇಳಿದರೆ ಉತ್ತರವು ಸರಳವಾಗಿದೆ, ಕಹಿಯಾಗಿಯೂ ಇದೆ: ಪ್ರತಿಯೊಂದು ಓಣಿಯೂ ತನ್ನ ಮಕ್ಕಳನ್ನು ತನ್ನವರೊಡನೆ ಮಾತ್ರ ಆಡಲು ಬಿಡುತ್ತಿದ್ದಿತು. ಹನುಮಂತದೇವರ ಗುಡಿಯ ಮುಂದೆ ಒಕ್ಕಲುತನದವರ ಮಕ್ಕಳು, ಕುಲಕರ್ಣಿಯವರ ವಾಡೆಯ ಹಿಂದೆ ನಾವು, ಊರ ಹೊರಗಿನ ಹಳ್ಳದ ದಂಡೆಯಲ್ಲಿ ಕೇರಿಯ ಮಕ್ಕಳು. ಮೂರು ಕಡೆಯೂ ಅದೇ ಆಟ, ಅದೇ ಕೂಗು. ಸಂಜೆಯ ಗಾಳಿಯು ಆ ಕೂಗನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತಿದ್ದಿತಾದರೂ ಆಡುವವರು ಮಾತ್ರ ಎಂದೂ ಒಂದೆಡೆ ಸೇರುತ್ತಿರಲಿಲ್ಲ.

ಸೇರುವಂತೆ ಮಾಡಿದವರು ನಮ್ಮೂರ ಕನ್ನಡ ಶಾಲೆಗೆ ವರ್ಗವಾಗಿ ಬಂದ ಒಬ್ಬ ಮಾಸ್ತರರು. ಆಗ ನಮ್ಮ ಪ್ರಾಂತವು ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಸಂವಿಧಾನವು 1950ರಲ್ಲಿ ಜಾರಿಗೆ ಬಂದು, ಅದರ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆಯೆಂಬ ಸಂಗತಿಯು ಊರಿಗೆ ಬರುವ ವೃತ್ತಪತ್ರಿಕೆಯಲ್ಲಿ ಅಚ್ಚಾಗಿದ್ದಿತೇ ಹೊರತು ನಮ್ಮ ಕೆರೆಯ ಮೆಟ್ಟಿಲುಗಳನ್ನು ಇನ್ನೂ ಮುಟ್ಟಿರಲಿಲ್ಲ. ಮಲಪ್ರಭೆಯ ಕಾಲುವೆಯು ಬರುವುದಕ್ಕೆ ಬಹು ಹಿಂದಿನ ಕಾಲವದು. ಬಾವಿ ತೋಡಿದರೆ ಸವಳು ನೀರು, ಕುಡಿಯುವುದಕ್ಕೆ ಕೆರೆಯೊಂದೇ ಗತಿ. ಆ ಕೆರೆಗೆ ಊರವರು ಒಂದು ಕಡೆಯಿಂದ ಇಳಿದು ಕೊಡ ತುಂಬಿಕೊಳ್ಳುತ್ತಿದ್ದರು. ಕೇರಿಯ ಹೆಂಗಸರು ದೂರದಲ್ಲಿ ಕೊಡವಿಟ್ಟು, ಯಾರಾದರೂ ಕನಿಕರಿಸಿ ನೀರು ಸುರಿಯುವ ತನಕ ಬಿಸಿಲಲ್ಲಿ ನಿಂತಿರುತ್ತಿದ್ದರು. ಮಾಸ್ತರರು ತಾರುಣ್ಯದಲ್ಲಿ, ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಸ್ಥಾಪಿಸಿ ಹುಬ್ಬಳ್ಳಿಯಿಂದ ನಡೆಸಿದ ಹಿಂದೂಸ್ತಾನಿ ಸೇವಾದಳದ ಶಿಬಿರಗಳಲ್ಲಿ ಕವಾಯತು ಕಲಿತವರು. ಭಾಷಣ ಮಾಡುವ ಸ್ವಭಾವ ಅವರದಲ್ಲ. ಸಮಾನತೆಯ ವಿಷಯವಾಗಿ ಅವರು ತರಗತಿಯಲ್ಲಿ ಉಪದೇಶ ಮಾಡಿದ್ದನ್ನು ನಾನು ಕೇಳಿಲ್ಲ. ಅವರು ಮಾಡಿದ್ದು ಇಷ್ಟೇ: ಬಂದ ವರ್ಷದ ಸುಗ್ಗಿ ಮುಗಿಯುತ್ತಲೇ ಗೌಡರ ಮನೆಗೆ ಹೋಗಿ, ಜೋಳದ ರಾಶಿಯಾಗಿ ಬರಿದಾಗಿದ್ದ ಅವರ ಕಣವನ್ನು ಬೇಸಗೆಯ ಮಟ್ಟಿಗೆ ಶಾಲೆಯ ಮಕ್ಕಳ ಆಟಕ್ಕೆ ಬಿಟ್ಟುಕೊಡಬೇಕೆಂದು ಕೇಳಿ ಒಪ್ಪಿಸಿದರು.

ಎರೆಯ ನೆಲವನ್ನು ಬಲ್ಲವರಿಗೆ ಈ ಕೇಳಿಕೆಯ ಮಹತ್ತ್ವವು ತಿಳಿದೀತು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿ ಹೆಜ್ಜೆ ಕೀಳಗೊಡದ ಆ ಕರಿಯ ಮಣ್ಣು ಬೇಸಗೆಯಲ್ಲಿ ಕಾಲು ಸಿಕ್ಕಿ ಮುರಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಓಡಿ ಬಿದ್ದು ಎದ್ದು ಆಡುವುದು ಆಗದ ಮಾತು. ಕಣವಾದರೋ ಗುಂಡು ಎಳೆದು, ಸಗಣಿ ಸಾರಿಸಿ ಗಟ್ಟಿಮಾಡಿದ ಸಮತಲ. ಅದರ ಮೇಲೆ ದೂರದಿಂದ ಬಂಡಿಯಲ್ಲಿ ತರಿಸಿದ ಮಸಾರಿ ಮಣ್ಣನ್ನು ಹಾಸಿ, ನೀರು ಚಿಮುಕಿಸಿ, ಬೂದಿಯಿಂದ ಗೆರೆ ಎಳೆದಾಗ ಸುತ್ತಲಿನ ಹತ್ತೂರಿನಲ್ಲಿ ಇಲ್ಲದಂಥ ಅಂಗಳವು ನಮ್ಮದಾಯಿತು. ಅಂಥ ಅಂಗಳವನ್ನು ಕಂಡ ಮೇಲೆ ಗುಡಿಯ ಮುಂದಿನ ಕಲ್ಲುನೆಲದಲ್ಲಾಗಲಿ ವಾಡೆಯ ಹಿಂದಿನ ಇಕ್ಕಟ್ಟಿನಲ್ಲಾಗಲಿ ಆಡುವ ಮನಸ್ಸು ಯಾವ ಹುಡುಗನಿಗೆ ಬಂದೀತು? ಆದರೆ ಅದು ಶಾಲೆಯ ಅಂಗಳ. ಶಾಲೆಯ ಪಟ್ಟಿಯಲ್ಲಿ ಹೆಸರಿದ್ದವರೆಲ್ಲರಿಗೂ ಅಲ್ಲಿ ಪ್ರವೇಶ. ಆ ಪಟ್ಟಿಯಲ್ಲಿ ಕೇರಿಯ ಮಕ್ಕಳ ಹೆಸರುಗಳೂ ಇದ್ದವು. ತರಗತಿಯಲ್ಲಿ ಅವರು ಬಾಗಿಲ ಬಳಿ ಬೇರೆ ಕುಳಿತುಕೊಳ್ಳುತ್ತಿದ್ದರು. ಹುತುತುವಿನಲ್ಲಿ ಬೇರೆ ನಿಲ್ಲುವುದಕ್ಕೆ ಸ್ಥಳವಿಲ್ಲ.

ಮೊದಲ ಸಂಜೆ ಮಾಸ್ತರರು ಹುಡುಗರನ್ನು ಎರಡು ತಂಡಗಳಾಗಿ ಒಡೆದದ್ದು ಎತ್ತರವನ್ನೂ ಮೈಕಟ್ಟನ್ನೂ ನೋಡಿ. ನನ್ನ ಎಡಕ್ಕೆ ಗೌಡರ ಮಗ, ಬಲಕ್ಕೆ ಅದೇ ಗೌಡರ ದನ ಕಾಯುವ ಕೇರಿಯ ಹುಡುಗ. ಎದುರಿನವನು ದಮ್ಮು ಹಿಡಿದು ನಡುಗೆರೆ ದಾಟಿ ಬಂದಾಗ ನಾವು ಮೂವರೂ ಒಬ್ಬರಿಂದೊಬ್ಬರು ಮೊಳದಷ್ಟು ದೂರ ಸರಿದು ನಿಂತೆವು. ಅವನು ನಮ್ಮ ನಡುವಿನ ತೆರಪಿನಲ್ಲಿ ನುಗ್ಗಿ ಮೂವರನ್ನೂ ಮುಟ್ಟಿ ನಗುತ್ತ ಹಿಂದಿರುಗಿದನು. "ಸರಪಳಿ ಹರದ್ರ ಆಟ ಹೋತು. ಕೈ ಹಿಡೀರಿ," ಎಂದಷ್ಟೇ ಮಾಸ್ತರರು ಹೇಳಿದರು; ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕದಲ್ಲಿ ಕೈಯಲ್ಲುಳಿದ ಅಂಕಿಯನ್ನು ನೆನಪಿಸುವಾಗ ಇರುವಷ್ಟು ಸಹಜತೆ ಇದ್ದಿತು. ಮುಂದಿನ ಸರದಿಗೆ ನಾನು ಬಲಗೈ ಚಾಚಿದೆನೋ ಅವನು ಎಡಗೈ ಚಾಚಿದನೋ ನೆನಪಿಲ್ಲ. ಹಗ್ಗ ಹಿಡಿದು ಹಿಡಿದು ಒರಟಾಗಿದ್ದ, ಬೆವರಿನಿಂದ ಬೆಚ್ಚಗಾಗಿದ್ದ ಆ ಅಂಗೈಯು ನನ್ನದನ್ನು ಸುತ್ತಿಕೊಂಡದ್ದು, ಬಂದವನ ಕಾಲಿಗೆ ಮೂವರೂ ಒಟ್ಟಿಗೆ ಬಿದ್ದದ್ದು, ಮಸಾರಿ ಮಣ್ಣು ಬಾಯಿಗೆ ಹೊಕ್ಕದ್ದು, ಅವನ ದಮ್ಮು ಮುರಿದಾಗ ಮೂವರೂ ಒಂದೇ ಕಂಠದಿಂದ ಕೂಗಿದ್ದು, ಇವೆಲ್ಲ ಇಂದಿಗೂ ಸ್ಪಷ್ಟವಾಗಿವೆ. ಆಟವು ವಿಚಾರಮಾಡುವುದಕ್ಕೆ ವ್ಯವಧಾನ ಕೊಡುವುದಿಲ್ಲ. ಮಡಿ ಮೈಲಿಗೆಗಳು ವ್ಯವಧಾನವಿದ್ದಲ್ಲಿ ಮಾತ್ರ ಬದುಕುವ ವಸ್ತುಗಳೆಂದು ನನಗೆ ಮುಂದೆ ಎಷ್ಟೋ ಸಲ ಅನ್ನಿಸಿದೆ.

ಆ ಆಟದ ಇನ್ನೊಂದು ನಿಯಮವು ಇದಕ್ಕಿಂತಲೂ ಆಳವಾಗಿ ಕೆಲಸ ಮಾಡಿತು. ಮುಟ್ಟಿಸಿಕೊಂಡವನು, ಹಿಡಿಸಿಕೊಂಡವನು ಸತ್ತನೆಂದು ಗೆರೆಯ ಹೊರಗೆ ಕೂಡಬೇಕು. ತನ್ನ ಪಕ್ಷದ ಬೇರೊಬ್ಬನು ಎದುರಾಳಿಯೊಬ್ಬನನ್ನು ಕೊಂದಾಗ ಮಾತ್ರ ಅವನು ಎದ್ದು ಒಳಗೆ ಬರಬಹುದು. ಸಂಜೀವನಿಯೆಂಬ ಈ ಪದ್ಧತಿಯು ಇಂದಿನ ಅಧಿಕೃತ ಆಟದಲ್ಲಿಯೂ ಉಳಿದಿದೆ. ನಮ್ಮ ಗೌಡರ ಮಗನು ಧೈರ್ಯಶಾಲಿ, ಆದರೆ ದುಡುಕು; ಮೊದಲೇ ನುಗ್ಗಿ ಮೊದಲೇ ಸಾಯುವವನು. ದನ ಕಾಯುವ ಹುಡುಗನಾದರೋ, ಹೊಲದ ಈ ತುದಿಯಿಂದ ಆ ತುದಿಗೆ ದನಗಳನ್ನು ಕೂಗಿ ಕರೆದು ರೂಢಿಯಾಗಿದ್ದಕ್ಕೋ ಏನೋ, ಊರಿಗೆಲ್ಲ ಹೆಸರಾಗುವಂಥ ದಮ್ಮುಳ್ಳವನು. ಅವನ ಕೂಗು ಎದುರು ಅಂಕಣದ ಮೂಲೆಮೂಲೆಯನ್ನು ಸುತ್ತಿ ಬಂದರೂ ಕಂಪಿಸುತ್ತಿರಲಿಲ್ಲ. ಗೆರೆಯ ಹೊರಗೆ ತಲೆ ತಗ್ಗಿಸಿ ಕುಳಿತ ಒಡೆಯನ ಮಗನು, ತನ್ನ ಮನೆಯ ಆಳಿನ ಮಗನ ಬಾಯಿಯನ್ನೇ ನೋಡುತ್ತ, ಅವನು ಯಾರನ್ನಾದರೂ ಮುಟ್ಟಿ ಬಂದಾನೇ, ತನಗೆ ಜೀವ ಬಂದೀತೇ ಎಂದು ಉಗುರು ಕಚ್ಚುತ್ತಿದ್ದುದನ್ನು ನಾನು ದಿನಂಪ್ರತಿ ಕಂಡಿದ್ದೇನೆ. ಇನ್ನೊಬ್ಬನ ಸಾಮರ್ಥ್ಯದಿಂದ ತಾನು ಉಳಿಯುವೆನೆಂಬ ಅನುಭವವು ಹನ್ನೆರಡರ ವಯಸ್ಸಿನಲ್ಲಿ ಮೈಗೆ ತಟ್ಟಿದವನು ಆ ಇನ್ನೊಬ್ಬನನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾರ. ಉಪಕಾರಮಾಡುವವರ ಕರುಣೆಯಿಂದ ಹುಟ್ಟುವ ಸಮಾನತೆಗೂ ಅಗತ್ಯದಿಂದ ಹುಟ್ಟುವ ಸಮಾನತೆಗೂ ಇರುವ ಅಂತರವನ್ನು ನಾನು ಕಲಿತದ್ದು ಆ ಕಣದ ಅಂಚಿನಲ್ಲಿ.

ಮನೆಯಲ್ಲಿ ಅಜ್ಜಿಯಿದ್ದರು. ಕೇರಿಯವರನ್ನು ಮುಟ್ಟಿ ಬಂದ ಮೊಮ್ಮಗನು ಹಿತ್ತಿಲಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಬಟ್ಟೆಯನ್ನು ನೀರಿಗೆ ಹಾಕಿ ಒಳಗೆ ಬರತಕ್ಕದ್ದೆಂದು ಅವರ ಅಪ್ಪಣೆಯಾಯಿತು. ಅವರನ್ನು ಕಟುಕಿಯೆಂದು ಯಾರೂ ತಿಳಿಯಬಾರದು. ಬರಗಾಲದಲ್ಲಿ ಹಗೇವಿನ ಜೋಳವನ್ನು ಓಣಿ ನೋಡದೆ ಅಳೆದು ಕೊಟ್ಟವರು ಅವರೇ. ಆದರೆ ಧರ್ಮವೆಂದು ಅವರು ನಂಬಿದ್ದು ಒಂದು ದಾರಿಯಲ್ಲಿ ನಡೆಯುತ್ತಿತ್ತು, ಅವರ ಅಂತಃಕರಣವು ಇನ್ನೊಂದು ದಾರಿಯಲ್ಲಿ. ಬೆಳವಲದ ಬೇಸಗೆಯಲ್ಲಿ ಕೆರೆಯು ದಿನದಿನಕ್ಕೆ ಇಂಗುತ್ತ, ನೀರು ಹೊರುವ ಆಳು ಸಿಗದೆ, ನನ್ನ ತಾಯಿಯೇ ಕೊಡವಿಟ್ಟುಕೊಂಡು ಹೋಗಬೇಕಾಗಿ ಬಂದಾಗ, ನಿತ್ಯವೂ ಒಂದು ಹಂಡೆ ನೀರನ್ನು ಮೈಲಿಗೆಗೆ ವ್ಯಯಮಾಡುವುದು ಕಷ್ಟವಾಯಿತು. ಹಂಡೆಯು ಕೊಡವಾಯಿತು, ಕೊಡವು ತಂಬಿಗೆಯಾಯಿತು; ಕೆಲವು ಕಾಲ ತುಳಸಿಯ ನೀರಿನ ಪ್ರೋಕ್ಷಣೆಯಷ್ಟೇ ಉಳಿಯಿತು. ಕೊನೆಗೊಂದು ಸಂಜೆ ಅಜ್ಜಿಯು, "ಹೋಗ್ಲಿ ಬಿಡು ತಮ್ಮಾ, ಈ ನಿನ್ನ ಆಟಕ್ಕ ಕೆರಿ ನೀರು ಸಾಲೂದಿಲ್ಲ. ಕೈಕಾಲು ತೊಳಕೊಂಡು ಊಟಕ್ಕ ಬಾ," ಎಂದರು. ಧೂಳು ಹತ್ತಿದ ಕೈಕಾಲುಗಳನ್ನು ಎಲ್ಲ ಮನೆಯ ಮಕ್ಕಳೂ ತೊಳೆಯುತ್ತಾರೆ.

ಇಷ್ಟಾದರೂ, ಆಟವು ತನ್ನಷ್ಟಕ್ಕೆ ತಾನೇ ಮನುಷ್ಯರನ್ನು ಒಂದುಮಾಡುತ್ತದೆಂದು ಹೇಳುವವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಗೆರೆಯ ಒಳಗೆ ಕೈ ಹಿಡಿದವರು ಗೆರೆಯನ್ನು ದಾಟಿ ಹೊರಬಂದೊಡನೆ ಕೈಬಿಡುವುದು ಸಾಧ್ಯವಿದೆ. ನಮ್ಮ ದೇಶದ ಕ್ರೀಡೆಯ ಇತಿಹಾಸವೇ ಅದಕ್ಕೆ ಸಾಕ್ಷಿ. ಮಾಸ್ತರರು ಆಟದ ನಡುವೆ ಬಿಡುವು ಕೊಟ್ಟಾಗ ಎಷ್ಟೋ ಸಲ ನಮಗೆ ಬಾಳೂ ಎಂಬವನ ಕಥೆಯನ್ನು ಹೇಳುತ್ತಿದ್ದರು. "ನಮ್ಮ ಧಾರವಾಡದಾಗ ಹುಟ್ಟಿದಾಂವ," ಎಂಬಲ್ಲಿಂದಲೇ ಆ ಕಥೆಯ ಆರಂಭ. ಅಂದು ಕಥೆಯಾಗಿ ಕೇಳಿದ್ದನ್ನು ಇತಿಹಾಸಕಾರ ರಾಮಚಂದ್ರ ಗುಹಾ ಅವರ ಗ್ರಂಥದಲ್ಲಿ ವಿವರವಾಗಿ ಓದಿದಾಗ ನನಗೆ ಆದ ಉದ್ವೇಗವನ್ನು ಮರೆಯಲಾರೆ. ಪಾಲ್ವಣಕರ ಬಾಳೂ 1876ರಲ್ಲಿ ಧಾರವಾಡದಲ್ಲಿ, ಚರ್ಮದ ಕೆಲಸದ ಜಾತಿಯಲ್ಲಿ ಹುಟ್ಟಿದರು, ಪುಣೆಯಲ್ಲಿ ಬೆಳೆದರು. ಅಲ್ಲಿ ಮೊದಲು ಪಾರಸಿಗಳ ಕ್ಲಬ್ಬಿನಲ್ಲಿ ಮೈದಾನ ಗುಡಿಸಿ ರೂಲು ಎಳೆಯುವ ಚಾಕರಿ, ಅನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ. ಗ್ರೇಗ್ ಎಂಬ ಆಂಗ್ಲ ಬ್ಯಾಟುಗಾರನಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಎಸೆಯುತ್ತ ಎಡಗೈಯ ನಿಧಾನಗತಿಯ ಬೌಲಿಂಗಿನಲ್ಲಿ ಅವರು ಅದ್ವಿತೀಯರಾದರು. ಯುರೋಪಿಯನ್ನರನ್ನು ಸೋಲಿಸಬೇಕೆಂಬ ಛಲದಿಂದ ಪುಣೆಯ ಹಿಂದೂಗಳು ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅವರು ತಿಕ್ಕಿ ಎಸೆದ ಚೆಂಡನ್ನು ಮೇಲ್ಜಾತಿಯ ಆಟಗಾರರು ಮುಟ್ಟಿ ಹಿಡಿದರು, ಹಿಂದಕ್ಕೆ ಎಸೆದರು; ಆದರೆ ಚಹದ ವೇಳೆಯಲ್ಲಿ ಇತರರು ಪೆವಿಲಿಯನ್ನಿನ ಒಳಗೆ ಪಿಂಗಾಣಿಯ ಬಟ್ಟಲಲ್ಲಿ ಕುಡಿಯುತ್ತಿದ್ದಾಗ ಬಾಳೂವಿಗೆ ಹೊರಗೆ, ಕುಡಿದು ಒಡೆಯುವ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡುತ್ತಿದ್ದರು.

ಆ ಮಹಾನುಭಾವನ ಸಾಧನೆಯನ್ನು ಇಲ್ಲಿ ಸಂಕ್ಷೇಪವಾಗಿಯಾದರೂ ಹೇಳಬೇಕು. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದ ಪಂದ್ಯದಲ್ಲಿ ಬಾಳೂ ಅವರದು ಪ್ರಧಾನ ಪಾತ್ರ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡವು ಹೆಚ್ಚು ಪಂದ್ಯಗಳನ್ನು ಸೋತು ಬಂದರೂ ಬಾಳೂ ಒಬ್ಬರೇ ನೂರಕ್ಕೂ ಮಿಕ್ಕಿ ವಿಕೆಟುಗಳನ್ನು ಕಿತ್ತರು. ಅಷ್ಟಾದರೂ ಹಿಂದೂಗಳ ತಂಡದ ನಾಯಕತ್ವವು ಅವರಿಗೆ ದಕ್ಕಲಿಲ್ಲ. ಆ ಮರ್ಯಾದೆಯು ಅವರ ತಮ್ಮ ವಿಠ್ಠಲನಿಗೆ 1923ರಲ್ಲಿ ದೊರೆಯಿತು, ಆ ವರ್ಷ ಹಿಂದೂಗಳು ಗೆದ್ದರು. ಅಣ್ಣನಿಗೆ ಸಲ್ಲದೆ ಹೋದದ್ದು ತಮ್ಮನಿಗೆ ಸಂದಿತೆಂಬುದರಲ್ಲಿ ಇಬ್ಬರ ಜಾತಿಯೂ ಬದಲಾಗಿರಲಿಲ್ಲ. ನಡುವೆ ಬದಲಾದದ್ದು ನೋಡುವವರ ಕಣ್ಣು. ಆ ಪಂದ್ಯಾವಳಿಯಾದರೂ ಎಂಥದು? ಯುರೋಪಿಯನ್, ಪಾರಸಿ, ಹಿಂದೂ, ಮುಸಲ್ಮಾನ ಎಂದು ಮತಮತಗಳಾಗಿ ತಂಡ ಕಟ್ಟಿ ಆಡಿದ್ದು. ಅದು ಪೂರ್ತಿಯಾಗಿ ನಿಂತುಹೋದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ. ಒಂದೇ ಮೈದಾನದ ಮೇಲೆ ಒಂದು ಗೋಡೆ ಬೀಳುತ್ತಲೂ ಇತ್ತು, ಇನ್ನೊಂದು ಗೋಡೆ ಏಳುತ್ತಲೂ ಇತ್ತು.

ಮಾಸ್ತರರು ಮಣ್ಣಿನ ಕುಡಿಕೆಯ ಮಾತು ಬಂದಲ್ಲಿಗೆ ಕಥೆಯನ್ನು ನಿಲ್ಲಿಸಿ ಸುಮ್ಮನಾಗುತ್ತಿದ್ದರು. ನಮ್ಮ ಕಣದ ಮೂಲೆಯಲ್ಲಿಯೂ ಒಂದು ಕೊಡವಿದ್ದಿತಷ್ಟೆ. ಮೊದಮೊದಲು ಊರ ಹುಡುಗರು ತಂಬಿಗೆಯಲ್ಲಿ ಮೊಗೆದು ಕುಡಿಯುತ್ತಿದ್ದರು; ಕೇರಿಯ ಹುಡುಗರು ಬೊಗಸೆಯೊಡ್ಡಿ ಕುಳಿತಾಗ ಯಾರಾದರೂ ಮೇಲಿನಿಂದ ಸುರಿಯುತ್ತಿದ್ದರು. ಕೆಲವು ವಾರಗಳ ಮೇಲೆ ಮಾಸ್ತರರು ಆಟದ ನಿಯಮಗಳಿಗೆ ಇನ್ನೊಂದನ್ನು ಸೇರಿಸಿದರು: ಆಟದಲ್ಲಿ ಕೊನೆಗೆ ಸತ್ತವನು ಎಲ್ಲರಿಗೂ ನೀರು ಕೊಡಬೇಕು. ಅಂದಿನಿಂದ ತಂಬಿಗೆಯು ಯಾರ ಕೈಗೆ ಬರುವುದೆಂದು ಮುಂದಾಗಿ ಹೇಳುವಂತಿರಲಿಲ್ಲ. ಒಂದು ದಿನ ನನ್ನ ಕೈಗೆ, ಒಂದು ದಿನ ಗೌಡರ ಮಗನ ಕೈಗೆ, ಒಂದು ದಿನ ಕೇರಿಯವನ ಕೈಗೆ. ಆಟದ ಕಟ್ಟಳೆಯನ್ನು ಮುರಿದವನು ಅಳುಬುರುಕನೆಂದು ಹುಡುಗರ ಲೋಕದಲ್ಲಿ ತೀರ್ಮಾನವಾಗಿರುವುದರಿಂದ ನಾವು ಕುಡಿದೆವು. ವಿಷಯವು ಮನೆಗಳಿಗೆ ಮುಟ್ಟಲು ತಡವಾಗಲಿಲ್ಲ. ಮರುದಿನವೇ ಐದಾರು ಮನೆಗಳ ಹಿರಿಯರು ತಮ್ಮ ಮಕ್ಕಳನ್ನು ಅಂಗಳಕ್ಕೆ ಹೋಗಗೊಡಲಿಲ್ಲ. ಮಾಸ್ತರರನ್ನು ಬೇರೆ ಊರಿಗೆ ಹಾಕಿಸಬೇಕೆಂದು ಚಾವಡಿಯಲ್ಲಿ ಮಾತು ನಡೆಯಿತು. ಮಾಸ್ತರರು ಯಾರ ಮನೆಗೂ ಹೋಗಿ ಬೇಡಿಕೊಳ್ಳಲಿಲ್ಲ, ಕೊಡವನ್ನು ಎರಡು ಮಾಡಲಿಲ್ಲ. ಉಳಿದವರನ್ನೇ ಆಡಿಸಿದರು.

ಅವರನ್ನು ಉಳಿಸಿದ್ದು ನೆರೆಯೂರಿನ ಜಾತ್ರೆ. ಜಾತ್ರೆಯ ಹುತುತುವಿನಲ್ಲಿ ಆ ವರ್ಷ ನಮ್ಮ ಊರು ಒಡೆದ ತಂಡವನ್ನು ಕಟ್ಟಿಕೊಂಡು ಹೋಗಿ ಹೀನಾಯವಾಗಿ ಸೋತಿತು. ಗೆದ್ದವರು ನಮ್ಮ ಗಾಡಿಗಳ ಹಿಂದೆ ಊರ ಗಡಿಯವರೆಗೆ ಹಲಗೆ ಬಾರಿಸುತ್ತ ಬಂದರು. ಊರಿನ ಮಾನ ಹೋಯಿತೆಂದು ಮೊದಲು ಕುದಿದವರು, ಮಕ್ಕಳನ್ನು ತಡೆದಿದ್ದ ಹಿರಿಯರೇ. ಮುಂದಿನ ಸುಗ್ಗಿಯಲ್ಲಿ ಯಾವ ಹಿರಿಯನೂ ಕೊಡದ ಮಾತೆತ್ತಲಿಲ್ಲ. ಊರಭಿಮಾನವೆಂಬುದು ಅಷ್ಟೇನೂ ಉದಾತ್ತವಾದ ಭಾವನೆಯಲ್ಲ. ಆದರೆ ಸಜ್ಜನರ ಉಪದೇಶಕ್ಕೆ ಕರಗದ ಹಟವು ಅದರ ಶಾಖಕ್ಕೆ ಕರಗಿದ್ದನ್ನು ನಾನು ಕಂಡಿರುವುದರಿಂದ ಅದನ್ನು ಹೀಗಳೆಯಲಾರೆ. ಪರಸ್ಥಳದಲ್ಲಿ ಆಡಲು ಹೋದಾಗ ಅಲ್ಲಿಯ ಪಂಕ್ತಿಯಲ್ಲಿ ನಮ್ಮವರನ್ನು ಬೇರ್ಪಡಿಸಿ ಕೂಡಿಸುವ ಪ್ರಸಂಗ ಬರಬಾರದೆಂದು ಮಾಸ್ತರರು ಎಲ್ಲರೂ ಮನೆಯಿಂದ ಬುತ್ತಿ ತರಬೇಕೆಂದು ವಿಧಿಸಿದರು. ಬೆಣ್ಣಿಹಳ್ಳದ ದಂಡೆಯ ಜಾಲಿಯ ಮರದ ಕೆಳಗೆ ಬುತ್ತಿಗಳನ್ನು ಬಿಚ್ಚಿದಾಗ ಎಲ್ಲದರಲ್ಲಿಯೂ ಜೋಳದ ರೊಟ್ಟಿಯೇ. ಹಿಂಡಿಯಲ್ಲಿ, ಪಲ್ಯದಲ್ಲಿ ಮಾತ್ರ ವ್ಯತ್ಯಾಸ. ದನ ಕಾಯುವ ಹುಡುಗನ ತಾಯಿ ಕುಟ್ಟಿ ಕಳಿಸುತ್ತಿದ್ದ ಗುರೆಳ್ಳು ಹಿಂಡಿಗೆ ನಮ್ಮ ನಡುವೆ ಜಗಳವಾಗುತ್ತಿದ್ದಿತು. ಆ ತಾಯಿಗೆ ಇದು ತಿಳಿದು, ಮುಂದೆ ಅವಳು ಎಲ್ಲರಿಗೂ ಸಾಲುವಷ್ಟು ಕುಟ್ಟಿ ಕಳಿಸತೊಡಗಿದಳು.

ಆ ಹುಡುಗನ ಹೆಸರು ಮೊದಲು ಶಾಲೆಯ ಪಟ್ಟಿಯಲ್ಲಿದ್ದರೂ ಅವನು ಪಾಠಕ್ಕೆ ಬರುತ್ತಿದ್ದುದು ಅಪರೂಪ. ಗೌಡರ ದನಗಳಿಗೆ ಅವನು ಬೇಕಾಗಿದ್ದನು. ಹಾಜರಿಯಿಲ್ಲದವನನ್ನು ಆಟಕ್ಕೆ ಸೇರಿಸುವುದಿಲ್ಲವೆಂದು ಮಾಸ್ತರರು ಹಟ ಹಿಡಿದರು. ಅವನಿಲ್ಲದೆ ತಂಡವಿಲ್ಲವೆಂದು ಗೌಡರ ಮಗನು ಮನೆಯಲ್ಲಿ ಹಟ ಹಿಡಿದನು. ಕೊನೆಗೆ ಗೌಡರು ದನಗಳಿಗೆ ಬೇರೆ ಆಳನ್ನು ಇಟ್ಟು, ಅವನ ತಂದೆಯನ್ನು ಕರೆದು, "ಹುಡುಗನ್ನ ಸಾಲಿಗೆ ಕಳಸು, ಸಂಜಿಗೆ ಆಡ್ಲಿ," ಎಂದರಂತೆ. ಆಟಕ್ಕಾಗಿ ಬಂದವನು ಅಕ್ಷರಕ್ಕೆ ಅಂಟಿಕೊಂಡನು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಅಲ್ಲಿಯೂ ವರ್ಷಗಟ್ಟಲೆ ಆಡಿದನು. ಅವನ ದಮ್ಮು ಅವನಿಗೆ ಅನ್ನ ಕೊಟ್ಟಿತೆಂದು ಊರವರು ಹೇಳುತ್ತಾರೆ. ಅವನು ಹೇಳುವುದೇ ಬೇರೆ. ಮೊದಲ ಸಲ ಎದುರಿನ ಅಂಕಣವನ್ನು ಹೊಕ್ಕಾಗ ಊರಿನ ಮಕ್ಕಳೆಲ್ಲರೂ ತನ್ನನ್ನು ನೋಡಿ ಹಿಂದೆ ಸರಿದರಲ್ಲಾ, ಅದು ಅಂಜಿಕೆಯಿಂದ, ಹೇಸಿಕೆಯಿಂದಲ್ಲ. ಆ ಅಂತರವನ್ನು ತಾನು ಅವರ ಕಣ್ಣಿನಲ್ಲಿ ಕಂಡೆ, ಅಂದಿನಿಂದ ತಲೆಯೆತ್ತಿ ನಡೆದೆ ಎಂದು ಅವನು ನನಗೆ ಒಮ್ಮೆ ಹೇಳಿದನು. ಆಟವು ಎಳೆಯ ಜೀವಕ್ಕೆ ಏನು ಕೊಡುತ್ತದೆಂದು ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಬಹಳ ಓದಿದ್ದೇನೆ. ಇಷ್ಟು ನಿಖರವಾದ ಮಾತನ್ನು ಅವುಗಳಲ್ಲಿ ಕಾಣಲಿಲ್ಲ.

ನಾನೂ ಶಿಕ್ಷಕನಾದೆ. ತಾಲೂಕು ಸ್ಥಳವೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ಸಂಜೆಗೆ ಕಬಡ್ಡಿ ಆಡಿಸುತ್ತ ಜೀವಮಾನವನ್ನು ಕಳೆದೆ. ಅಲ್ಲಿ ಹುಟ್ಟುಕಿವುಡನಾದ ಒಬ್ಬ ವಿದ್ಯಾರ್ಥಿಯು ಬಂದನು. ತುಟಿಯ ಚಲನೆಯನ್ನು ನೋಡಿ ಅಷ್ಟಿಷ್ಟು ತಿಳಿಯುತ್ತಿದ್ದನಾದರೂ ತರಗತಿಯಲ್ಲಿ ಅವನು ಏಕಾಕಿ. ಅವನನ್ನು ನೋಟಕರ ಸಾಲಿನಿಂದ ಎಬ್ಬಿಸಿ ಒಳಗೆ ತಂದವರು ಹುಡುಗರೇ. ಕಬಡ್ಡಿಯ ಸರಪಳಿಯಲ್ಲಿ ಮಾತಿಗೆ ಎಡೆಯಿಲ್ಲವೆಂಬುದನ್ನು ಆಡಿದವರು ಬಲ್ಲರು. ಕೂಗಿ ಹೇಳಿದರೆ ದಾಳಿಗೆ ಬಂದವನೂ ಕೇಳಿಸಿಕೊಳ್ಳುತ್ತಾನೆ. ಹಿಡಿದ ಕೈಯನ್ನು ಒಮ್ಮೆ ಅದುಮಿದರೆ ಮುನ್ನುಗ್ಗು, ಸಡಿಲಿಸಿದರೆ ಹಿಂದೆ ಸರಿ, ಹೀಗೆ ಅಂಗೈಯಿಂದ ಅಂಗೈಗೆ ಸಂದೇಶ ಹರಿಯುತ್ತದೆ. ಕಿವಿಯಿದ್ದವರು ಕೂಡ ಕಿವುಡರಾಗಿ ಆಡಬೇಕಾದ ಆಟವದು. ಆ ಹುಡುಗನು ಎಡಮೂಲೆಯಲ್ಲಿ ನಿಂತು ಕಾಲು ಹಿಡಿಯುವುದರಲ್ಲಿ ನಿಷ್ಣಾತನಾದನು. ಸೀಟಿ ಊದಿದ್ದು ಅವನಿಗೆ ಕೇಳಿಸದಾಗ ಪಕ್ಕದವನು ಅವನ ಹೆಗಲನ್ನು ತಟ್ಟುತ್ತಿದ್ದನು. ದಾಳಿಗೆ ಮಾತ್ರ ಅವನನ್ನು ಕಳಿಸಲಾಗುತ್ತಿರಲಿಲ್ಲ. ಕಬಡ್ಡಿ ಎಂಬ ಉಚ್ಚಾರವು ತೀರ್ಪುಗಾರನಿಗೆ ಸ್ಪಷ್ಟವಾಗಿ ಕೇಳಬೇಕೆಂಬುದು ನಿಯಮ. ಇದು ಅವನಿಗೆ ದುಃಖವನ್ನುಂಟುಮಾಡಿತು, ನನಗೂ ಮಾಡಿತು. ಅಭ್ಯಾಸದ ಆಟದಲ್ಲಿ ಹುಡುಗರು ತಾವಾಗಿಯೇ ಆ ನಿಯಮವನ್ನು ಸಡಿಲಿಸಿ, ಅವನು ಕಂಠದಿಂದ ಹೊರಡಿಸುತ್ತಿದ್ದ ಗುಂಯ್‌ಗುಟ್ಟುವ ನಾದವನ್ನೇ ದಮ್ಮೆಂದು ಅಂಗೀಕರಿಸಿದರು. ಮಕ್ಕಳ ನ್ಯಾಯಬುದ್ಧಿಯು ಒಮ್ಮೊಮ್ಮೆ ನಿಯಮಗ್ರಂಥಗಳಿಗಿಂತ ವಿಶಾಲವಾಗಿರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಸೀಮೆಯು ಬಹಳ ತಡಮಾಡಿತು. ಪರಕಾರದ ನೆರಿಗೆಯನ್ನು ಸಿಕ್ಕಿಸಿಕೊಂಡು ಖೋ ಖೋ ಆಡಿದ ಮೊದಲ ಹುಡುಗಿಯರ ತಂದೆತಾಯಿಗಳನ್ನು ಒಪ್ಪಿಸುವುದಕ್ಕಾಗಿ ಮುಖ್ಯಾಧ್ಯಾಪಿನಿಯವರು ಮನೆಮನೆಗೆ ನಡೆದರು. ಮೊದಲು ಆಟಕ್ಕೆ ಗೋಡೆಯ ಮರೆ ಬೇಕಾಯಿತು, ಅನಂತರ ಬೇಕಾಗಲಿಲ್ಲ. ಪುರುಷರ ರಾಷ್ಟ್ರೀಯ ಕಬಡ್ಡಿ 1952ರಲ್ಲಿಯೇ ಮದರಾಸಿನಲ್ಲಿ ಆರಂಭವಾಯಿತು. ಏಷ್ಯಾ ಕ್ರೀಡಾಕೂಟಕ್ಕೆ ಪುರುಷರ ಕಬಡ್ಡಿಯು 1990ರಲ್ಲಿ ಬೀಜಿಂಗಿನಲ್ಲಿ ಸೇರಿತು. ಮಹಿಳೆಯರದು ಸೇರಲು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. 2010ರಲ್ಲಿ ಗ್ವಾಂಗ್‌ಝೌನಲ್ಲಿ ಚಿನ್ನ ಗೆದ್ದ ಭಾರತದ ತಂಡದಲ್ಲಿ ನಮ್ಮ ಬೆಂಗಳೂರಿನ ತೇಜಸ್ವಿನಿ ಬಾಯಿ ಇದ್ದರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕಿ ಕಾರ್ಕಳ ಸೀಮೆಯ ಮಮತಾ ಪೂಜಾರಿ. ಆ ಹೆಸರುಗಳನ್ನು ಪತ್ರಿಕೆಯಲ್ಲಿ ಕಂಡಾಗ ಗೋಡೆಯ ಮರೆಯಲ್ಲಿ ಆಡಿದ ನನ್ನ ವಿದ್ಯಾರ್ಥಿನಿಯರನ್ನು ನೆನೆದು ಕಣ್ಣು ತುಂಬಿ ಬಂದಿತು. ಅದೇ ಪತ್ರಿಕೆಗಳಲ್ಲಿ ಇತ್ತೀಚೆಗೆ, ಇಂಥ ಸಮಾಜದ ಯುವಕರಿಗೆ ಮಾತ್ರವೆಂದು ಜಾತಿಯ ಹೆಸರಿನಲ್ಲಿ ನಡೆಸುವ ಪಂದ್ಯಾವಳಿಗಳ ಪ್ರಕಟಣೆಯನ್ನೂ ಕಾಣುತ್ತೇನೆ. ಅವುಗಳನ್ನು ನಡೆಸುವವರ ಉತ್ಸಾಹವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಗುಡಿಯ ಮುಂದೆ ಒಂದು, ವಾಡೆಯ ಹಿಂದೆ ಒಂದು, ಹಳ್ಳದ ದಂಡೆಯಲ್ಲಿ ಒಂದು ಎಂದು ಆಡಿದವರ ಕಾಲಕ್ಕೆ ಮಕ್ಕಳನ್ನು ಮತ್ತೆ ಕರೆದೊಯ್ಯಬಾರದೆಂದು ಅವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ರೇಲ್ವೆಯಿಂದ ನಿವೃತ್ತನಾದ ನನ್ನ ಗೆಳೆಯನು ಊರಿಗೆ ಹಿಂದಿರುಗಿ, ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರ ಹುದ್ದೆ ಖಾಲಿಯಿದ್ದುದನ್ನು ನೋಡಲಾರದೆ, ತಾನೇ ಸಂಜೆ ಸಂಜೆ ಮಕ್ಕಳನ್ನು ಆಡಿಸುತ್ತಿದ್ದಾನೆ. ಕಳೆದ ಚಳಿಗಾಲದಲ್ಲಿ ನಾನು ಹೋದಾಗ ಹುಡುಗಿಯರ ಖೋ ಖೋ ನಡೆದಿದ್ದಿತು. ಎಂಟು ಮಂದಿ ಒಬ್ಬರು ಈ ಕಡೆಗೆ, ಒಬ್ಬರು ಆ ಕಡೆಗೆ ಮುಖಮಾಡಿ ಸಾಲಾಗಿ ಕುಳಿತಿದ್ದರು; ಬೆನ್ನಟ್ಟುವವಳು ಕುಳಿತವಳ ಬೆನ್ನನ್ನು ಅಂಗೈಯಿಂದ ಮುಟ್ಟಿ ಖೋ ಎಂದಾಗ ಮಾತ್ರ ಅವಳು ಏಳಬಹುದು, ಎದ್ದವಳ ಜಾಗದಲ್ಲಿ ಇವಳು ಕೂಡಬೇಕು. ತಾಲೂಕಿನ ಪಂದ್ಯಕ್ಕೆ ನಾಯಕಿಯನ್ನು ಆರಿಸುವ ಹೊತ್ತು ಅದಾಗಿದ್ದಿತು. ಗೆಳೆಯನ ಮೊಮ್ಮಗಳು ಎಲ್ಲರಿಗಿಂತ ಚುರುಕೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲವಾದರೂ, ಇಬ್ಬರು ಮೂವರು ಪಾಲಕರು ಬಂದು, ನಾಯಕತ್ವವು ಸರದಿಯ ಮೇಲೆ ಎಲ್ಲರಿಗೂ ಬರಬೇಕೆಂದು ಬಹಳ ವಿನಯದಿಂದ ವಾದಿಸತೊಡಗಿದರು. ಈ ಊರಿನ ಮಾತಿನ ಒಳದಾರಿಗಳು ನನಗೂ ಅವನಿಗೂ ಗೊತ್ತು. ಇಬ್ಬರೂ ಸುಮ್ಮನೆ ನಿಂತೆವು. ಆ ಹುಡುಗಿಯು ಸಾಲಿನ ನಡುವೆ ಕುಳಿತಲ್ಲಿಂದಲೇ ತಿರುಗಿ, ದೊಡ್ಡವರ ಕಡೆಗೆ ನೋಡದೆ, ತನ್ನ ಹಿಂದೆ ಬೆನ್ನಟ್ಟುವವಳಾಗಿ ನಿಂತಿದ್ದ ಗೆಳತಿಗೆ ಹೇಳಿದಳು: "ನಾಯಕಿ ಯಾರರ ಆಗ್ಲಿ ಬಿಡs. ನೀ ಖೋ ಕೊಡೂ ಮುಂದ ಗಟ್ಟಿಯಾಗಿ ಮುಟ್ಟು. ಅಂಜಿ ಮುಟ್ಟಿದ್ರ ನನಗ ಗೊತ್ತs ಆಗೂದಿಲ್ಲ, ಆಟ ಹೋಗ್ತೈತಿ."